ರಕ್ತ ಮೊದಲೋ, ಎದೆಬಡಿತ ಮೊದಲೋ

ಪದವಿ ತರಗತಿಗೆ ಭ್ರೂಣಶಾಸ್ತ್ರ ಹೇಳುವಾಗ ಒಬ್ಬ ಹುಡುಗಿ ಕೇಳಿದಳು: ‘ಸರ್, ರಕ್ತ ಮೊದಲ ಆಗ್ತದೋ, ಹೃದಯ ಮೊದಲ ಬಡೀತದೋ?’ ಬೋರ್ಡಿನ ಮೇಲೆ ಬರೆದು ಮುಗಿಸಬಹುದಿತ್ತು. ಕಣ್ಣಾರೆ ತೋರಿಸೋಣ ಅನ್ನಿಸಿತು.

ಅಂಗಡಿಯ ಫಾರಂ ತತ್ತಿಗೆ ಹುಂಜದ ಸಂಪರ್ಕ ಇರುವುದಿಲ್ಲ, ಅದರಲ್ಲಿ ಭ್ರೂಣ ಬೆಳೆಯುವುದಿಲ್ಲ. ಮಾನ್ವಿ ಕಡೆಯ ಹಳ್ಳಿಯಿಂದ ಜವಾರಿ ತತ್ತಿ ತರಿಸಿ, ಎರಡು ದಿನ ಲ್ಯಾಬಿನ ಮೇಜಿನ ಮೇಲಿಟ್ಟು, ಆಮೇಲೆ 38 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಹಾಕಿದೆ. 29 ತಾಸಿಗೆ ತೆರೆದರೆ ಒಂದರಲ್ಲಿ ಹೃದಯ ಆಗಲೇ ಬಡಿಯುತ್ತಿತ್ತು, ಇನ್ನೊಂದು ಅರ್ಧಕ್ಕೇ ಸತ್ತಿತ್ತು. ರಾಯಚೂರಿನ ಮೇ ತಿಂಗಳು! ಕೋಣೆಯ ಕಾವಿಗೇ ತತ್ತಿಗಳು ಮನಬಂದಂತೆ ಬೆಳೆಯತೊಡಗಿದ್ದವು. ಫ್ರಿಜ್ಜಿನ 4 ಡಿಗ್ರಿಯೂ ಆಗದು, ಅತಿ ತಂಪು. ಮುಂದಿನ ಸಲ ಥರ್ಮಾಕೋಲ್ ಡಬ್ಬಿಯಲ್ಲಿ ಐಸಿನ ಬಾಟಲಿ ಬದಲಿಸುತ್ತ 15–16 ಡಿಗ್ರಿಯಲ್ಲಿ ತತ್ತಿಗಳನ್ನು ಕಾಯ್ದಿಟ್ಟೆ. ಗಡಿಯಾರವನ್ನೂ ನೆಚ್ಚಲಿಲ್ಲ. 1951ರಲ್ಲಿ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಮಾಡಿಕೊಟ್ಟ ಕೋಳಿಭ್ರೂಣದ ಬೆಳವಣಿಗೆಯ ಹಂತಗಳ ಪಟ್ಟಿ ಮುಂದಿಟ್ಟುಕೊಂಡು, ಭ್ರೂಣದ ಬೆನ್ನುದ್ದಕ್ಕೂ ಜೋಡಿ ಜೋಡಿಯಾಗಿ ಮೂಡುವ ಸಣ್ಣ ಗಂಟುಗಳಾದ ಸೋಮೈಟ್‌ಗಳನ್ನೇ ಎಣಿಸಿದೆ.

ತತ್ತಿಯನ್ನು ಅಡ್ಡ ಮಲಗಿಸಿಯೇ ಕಾವು ಕೊಡಬೇಕು, ಆಗ ಭ್ರೂಣ ಮೇಲಕ್ಕೆ ಬಂದು ನಿಲ್ಲುತ್ತದೆ. ದಪ್ಪ ತುದಿಯಿಂದ ಸಿರಿಂಜಿನಲ್ಲಿ 3 ಮಿ.ಲೀ. ಬಿಳಿಲೋಳೆ ತೆಗೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಮೇಲೆ ಟೇಪ್ ಅಂಟಿಸಿ, ಬಾಗಿದ ಕತ್ತರಿಯಿಂದ ಸಣ್ಣ ಕಿಟಕಿ ಕತ್ತರಿಸಿದೆ. ಸಲೈನಿನಲ್ಲಿ ತೆಳುಮಾಡಿದ ಇಂಡಿಯಾ ಇಂಕನ್ನು ಭ್ರೂಣದ ಕೆಳಗೆ ಒಂದು ಹನಿ ಬಿಟ್ಟಾಗ, ಕಪ್ಪು ನೆಲದ ಮೇಲೆ ಸಾಲು ಮುತ್ತಿನಂತೆ ಸೋಮೈಟ್‌ಗಳು ಎದ್ದು ಕಂಡವು.

ನಾಲ್ಕು ಜೋಡಿ ಇರುವಾಗಲೇ ಭ್ರೂಣದ ಹೊರಅಂಚಿನಲ್ಲಿ ರಕ್ತದ್ವೀಪಗಳು ಹುಟ್ಟಿರುತ್ತವೆ. ಆ ಚುಕ್ಕೆಗಳ ಹೊರಗಿನ ಕೋಶಗಳು ನಾಳದ ಗೋಡೆಯಾಗುತ್ತವೆ, ಒಳಗಿನವು ರಕ್ತಕಣಗಳು. ಎರಡಕ್ಕೂ ಅಪ್ಪಣೆ ಕೊಡುವುದರಲ್ಲಿ ವಿಇಜಿಎಫ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಅದನ್ನು ಹಿಡಿಯುವ ಎಫ್‌ಎಲ್‌ಕೆ1 ಗ್ರಾಹಕ (ಕೋಶದ ಮೇಲಿನ ರಿಸೆಪ್ಟರ್) ಇಲ್ಲದ ಇಲಿಭ್ರೂಣದಲ್ಲಿ ನಾಳವೂ ಇಲ್ಲ, ರಕ್ತದ್ವೀಪವೂ ಇಲ್ಲ ಎಂದು 1995ರಲ್ಲೇ ತೋರಿಸಿದ್ದಾರೆ. ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹೋದರೂ ಭ್ರೂಣ ಉಳಿಯುವುದಿಲ್ಲ. ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಹತ್ತು ಜೋಡಿ ತುಂಬಿದ ತತ್ತಿಯನ್ನು ಆ ಹುಡುಗಿಯ ಮುಂದಿಟ್ಟೆ. ಬಹಳ ಹೊತ್ತು ಕಣ್ಣು ಎತ್ತಲಿಲ್ಲ.

‘ಸರ್, ಹೃದಯ ಬಡಿಯಾಕತ್ತೈತ್ರಿ. ರಕ್ತ ಮಾತ್ರ ಇನ್ನೂ ಅಲ್ಲೇ ನಿಂತೈತಿ.’

ಕಿಟಕಿಗೆ ಟೇಪ್ ಹಚ್ಚಿ ತತ್ತಿಯನ್ನು ಮತ್ತೆ ಕಾವಿಗಿಟ್ಟೆವು. ರಾತ್ರಿ ತೆರೆದಾಗ ಹರಿಯತೊಡಗಿತ್ತು.