ರಿಯಾಕ್ಟರ್ ಒಳಗಿನ ಕ್ರೀಪ್: ದೊಡ್ಡ ಮಾದರಿಗೆ ಮುಂಚೆ ಎರಡು ಕೈಲೆಕ್ಕ

ಲೋಡ್ ಹೊತ್ತ ಲೋಹ ಕಾಲಕ್ರಮೇಣ ನಿಧಾನವಾಗಿ ಆಕಾರ ಬದಲಿಸುವುದೇ ಕ್ರೀಪ್. ಅದನ್ನು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವ ಮುಂಚೆ ಕೈಯಲ್ಲೇ ತಾಳೆ ನೋಡುವ ಬಗೆ ಇದು. ಶಾಖದಿಂದಾಗುವ ಉಷ್ಣ ಕ್ರೀಪ್ ಗಣನೆಗೆ ಬರುವುದು ಸಾಮಾನ್ಯವಾಗಿ ಲೋಹದ ಕರಗುವ ಉಷ್ಣತೆಯ (ಕೆಲ್ವಿನ್‌ನಲ್ಲಿ) 0.4 ಪಾಲು ದಾಟಿದ ಮೇಲೆ. ಆದರೂ 300 ಡಿಗ್ರಿ ಸೆಲ್ಸಿಯಸ್‌ನಲ್ಲೇ ರಿಯಾಕ್ಟರಿನ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಗಿ ಕಳೆದುಕೊಳ್ಳುತ್ತದೆ. ನ್ಯೂಟ್ರಾನ್‌ಗಳು ಪರಮಾಣುಗಳನ್ನು ಜಾಗದಿಂದ ಎಬ್ಬಿಸುವುದೇ ಕಾರಣ. ಹಾಗಾಗಿ ಕ್ರೀಪ್ ವೇಗವನ್ನು ಎರಡು ಭಾಗವಾಗಿ ಬರೆದು ಕೂಡಿಸಿ.

ಉಷ್ಣ ಭಾಗಕ್ಕೆ ನಾರ್ಟನ್ ನಿಯಮ: ಸ್ಟ್ರೆಸ್ಸಿನ (ಪ್ರತಿ ಚದರಳತೆಯ ಮೇಲಿನ ಬಲ) ಘಾತ, ಜೊತೆಗೆ ಉಷ್ಣತೆಯ ಎಕ್ಸ್‌ಪೊನೆನ್ಶಿಯಲ್. ವಿಕಿರಣ ಭಾಗ ಇನ್ನೂ ಸರಳ: ಗುಣಾಂಕ × ಸ್ಟ್ರೆಸ್ × ಡಿಪಿಎ ದರ. ಒಂದು ಡಿಪಿಎ ಎಂದರೆ ಪ್ರತಿ ಪರಮಾಣುವೂ ಸರಾಸರಿ ಒಮ್ಮೆ ಸ್ಥಾನಪಲ್ಲಟವಾದಷ್ಟು ಹಾನಿ. ಆಸ್ಟೆನಿಟಿಕ್ ಸ್ಟೀಲ್‌ಗೆ ಗುಣಾಂಕವನ್ನು ಪ್ರತಿ ಮೆಗಾಪಾಸ್ಕಲ್‌ಗೆ, ಪ್ರತಿ ಡಿಪಿಎಗೆ ಸುಮಾರು 0.000001 ಎಂದು ಹಿಡಿದು ಶುರುಮಾಡಬಹುದು. ಲೋಹ ಉಬ್ಬತೊಡಗಿದರೆ ಇಷ್ಟು ಸಾಲದು. ಉಬ್ಬುವ ದರಕ್ಕೆ ಅನುಗುಣವಾದ ಪದವನ್ನೂ (ಟರ್ಮ್) ಸೂತ್ರಕ್ಕೆ ಸೇರಿಸಬೇಕು.

ಈಗ ಮಾದರಿಯಲ್ಲಿ ಒಂದೇ ಎಲಿಮೆಂಟ್ (ಲೆಕ್ಕಕ್ಕಾಗಿ ಕತ್ತರಿಸಿದ ಒಂದು ಚಿಕ್ಕ ತುಂಡು) ಇಟ್ಟು, ಉಷ್ಣ ಭಾಗ ಆಫ್ ಮಾಡಿ ಪರೀಕ್ಷಿಸಿ.

ಮೊದಲು ಬೋಲ್ಟ್. ಎಳೆದು ಬಿಗಿ ಮಾಡಿ, ಆಮೇಲೆ ಉದ್ದ ಬದಲಾಗದಂತೆ ಕಟ್ಟಿಹಾಕಿ. ಯಂಗ್ಸ್ ಮಾಡ್ಯುಲಸ್ (ಲೋಹದ ಗಡಸುತನದ ಅಳತೆ) 1,70,000 ಮೆಗಾಪಾಸ್ಕಲ್ ಆದರೆ ಸಡಿಲಿಕೆಯ ಘಾತಾಂಕ ಪ್ರತಿ ಡಿಪಿಎಗೆ 0.17. 10 ಡಿಪಿಎ ಹೊತ್ತಿಗೆ ಮೊದಲಿನ ಬಿಗಿಯಲ್ಲಿ ಶೇ. 18 ಉಳಿದಿರಬೇಕು.

ಆಮೇಲೆ ಎರಡೂ ತುದಿ ಮುಚ್ಚಿದ ಕೊಳವೆ: ಸರಾಸರಿ ತ್ರಿಜ್ಯ 4 ಮಿ.ಮೀ., ಗೋಡೆ 0.4 ಮಿ.ಮೀ., ಒಳ ಒತ್ತಡ 10 ಮೆಗಾಪಾಸ್ಕಲ್. ಸುತ್ತಳತೆಯ ದಿಕ್ಕಿನ ಹೂಪ್ ಸ್ಟ್ರೆಸ್ 100 ಮೆಗಾಪಾಸ್ಕಲ್, ಎಲ್ಲ ದಿಕ್ಕಿನ ಸ್ಟ್ರೆಸ್ಸನ್ನೂ ಒಂದೇ ಸಂಖ್ಯೆಗೆ ತರುವ ಮೀಸೆಸ್ ಸ್ಟ್ರೆಸ್ 86.6. 10 ಡಿಪಿಎಗೆ ಹೂಪ್ ಕ್ರೀಪ್ ಶೇ. 0.075, ಅಂದರೆ ತ್ರಿಜ್ಯ 3 ಮೈಕ್ರಾನ್ ಹಿಗ್ಗುತ್ತದೆ. ಉದ್ದ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಶೇ. 0.1 ಬಂತೇ? ಮೀಸೆಸ್ ಜಾಗದಲ್ಲಿ ಹೂಪ್ ಸ್ಟ್ರೆಸ್ ಹಾಕಿ, ಬಂದ ಸಮಾನ ಸ್ಟ್ರೇನನ್ನೇ (ಒಟ್ಟಾರೆ ಹಿಗ್ಗುವಿಕೆಯ ಪಾಲು) ಹೂಪ್ ಸ್ಟ್ರೇನ್ ಅಂದುಕೊಂಡಿದ್ದೀರಿ. ಬಹಳ ಸಾಮಾನ್ಯವಾದ ಎಡವಟ್ಟು ಇದು.

ಇವೆರಡೂ ತಾಳೆಯಾದ ಮೇಲಷ್ಟೇ ಉಷ್ಣ ಭಾಗ ಆನ್ ಮಾಡಿ. ಘಾತ 5 ಇರುವಾಗ ಮೆಗಾಪಾಸ್ಕಲ್‌ಗೆಂದು ಕೊಟ್ಟ ಗುಣಾಂಕಕ್ಕೆ ಪಾಸ್ಕಲ್‌ನಲ್ಲಿ ಸ್ಟ್ರೆಸ್ ಹಾಕಿದರೆ ಉತ್ತರ 10ರ 30ನೇ ಘಾತದಷ್ಟು ತಪ್ಪುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬಿದ್ದೇ ಬೀಳುತ್ತದೆ. ಗಂಟೆ–ಸೆಕೆಂಡ್ ಗೊಂದಲದ 3,600 ಪಟ್ಟು ವ್ಯತ್ಯಾಸ ಮಾತ್ರ ಸದ್ದಿಲ್ಲದೆ ನುಸುಳಿಬಿಡುತ್ತದೆ. ಆರಂಭಿಕ ಹಂತದ ಕ್ರೀಪನ್ನೂ ಸೇರಿಸುವುದಾದರೆ, ಲೋಡ್ ಏರಿಳಿಯುವ ಕಡೆ ಕ್ರೀಪ್ ವೇಗವನ್ನು ಕಳೆದ ಸಮಯಕ್ಕೆ ಕಟ್ಟುವ ಟೈಮ್ ಹಾರ್ಡನಿಂಗ್ ಬಿಟ್ಟು, ಈವರೆಗಿನ ಸ್ಟ್ರೇನ್‌ಗೆ ಕಟ್ಟುವ ಸ್ಟ್ರೇನ್ ಹಾರ್ಡನಿಂಗ್ ಆರಿಸಿ. ಸ್ಟ್ರೆಸ್ ವೇಗವಾಗಿ ಇಳಿಯುವ ಆರಂಭದಲ್ಲಿ ಟೈಮ್ ಸ್ಟೆಪ್ ಚಿಕ್ಕದಿರಲಿ, ಸಾಲ್ವರ್ ಇಂಪ್ಲಿಸಿಟ್ (ಪ್ರತಿ ಹೆಜ್ಜೆಯ ಕೊನೆಯ ಸ್ಥಿತಿಯನ್ನೇ ಬಳಸಿ ಬಿಡಿಸುವಂಥದ್ದು) ಆಗಿರಲಿ.

ಜಿರ್ಕೋನಿಯಂ ಮಿಶ್ರಲೋಹವಾದರೆ ಮೀಸೆಸ್ ನಡೆಯದು. ಹರಳುಗಳು ಒಂದೇ ದಿಕ್ಕಿಗೆ ವಾಲಿರುವುದರಿಂದ ದಿಕ್ಕಿಗೊಂದು ಗುಣವನ್ನು ಲೆಕ್ಕಕ್ಕೆ ತರುವ ಹಿಲ್ ಮಾನದಂಡ ಬೇಕು. ಸ್ಟ್ರೆಸ್ಸೇ ಇಲ್ಲದೆ ಆಕಾರ ಬದಲಿಸುವ ವಿಕಿರಣ ಬೆಳವಣಿಗೆಯನ್ನು ಬೇರೆ ಪದವಾಗಿಯೇ ಇಡಿ. ಕ್ರೀಪ್ ಗುಣಾಂಕದೊಳಗೆ ಬೆರೆಸಿದರೆ ಲೋಡ್ ಬದಲಾದ ದಿನ ಮಾದರಿ ಕೈಕೊಡುತ್ತದೆ.