ಮೇ ದೊಡ್ಡಮ್ಮನ ಔಷಧಿ

ಅಮ್ಮನ ಕಿಡ್ನಿ ಸೋತಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲವೂ ನಾಲ್ಕು ಗಂಟೆ. ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತೇನೆ. ನಲವತ್ತಾರರ ವಯಸ್ಸಿನಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಓದಲು ಶುರುಮಾಡಿದ್ದು ಅಲ್ಲೇ, ಮಗಳ ಟ್ಯಾಬ್‌ನಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು 1966ರ ಫೆಬ್ರವರಿಯ 33ನೇ ಸಂಚಿಕೆ, ಬರೆದದ್ದು ಸ್ಟ್ಯಾನ್ ಲೀ, ಚಿತ್ರ ಬಿಡಿಸಿದ್ದು ಸ್ಟೀವ್ ಡಿಟ್ಕೊ. ಸ್ಪೈಡರ್‌ಮ್ಯಾನ್ ಅಂದರೆ ಪೀಟರ್ ಎಂಬ ಹುಡುಗ. ಅವನನ್ನು ಸಾಕಿದ ಮೇ ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅವಳ ಕಾಯಿಲೆಗೆ ಕಾರಣ, ಹಿಂದೆ ಅವನೇ ಕೊಟ್ಟ, ವಿಕಿರಣ ಬೆರೆತ ರಕ್ತ. ಔಷಧಿ ಕಣ್ಣೆದುರೇ ಬಿದ್ದಿದೆ, ಕೈಗೆ ಎಟುಕುತ್ತಿಲ್ಲ. ಅವನ ಬೆನ್ನ ಮೇಲೆ ದೈತ್ಯ ಯಂತ್ರ, ಮೇಲಿನಿಂದ ನೀರು ಸೋರುತ್ತಿದೆ. ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಮತ್ತೆ ನೋಡುತ್ತಾನೆ. ಆ ಒದ್ದಾಟಕ್ಕೇ ಡಿಟ್ಕೊ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಕೊನೆಗೆ ಎತ್ತಿದ ಚಿತ್ರಕ್ಕೆ ಒಂದಿಡೀ ಪುಟ. ಅಮ್ಮನ ಕಾಲು ಊದಿದ್ದನ್ನು ಎರಡು ವರ್ಷ ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕಿದ್ದವನು ನಾನು. ಬೆಂಚಿನ ಮೇಲೆ ಅತ್ತುಬಿಟ್ಟೆ.

ಆಮೇಲೆ ಇಡೀ ಕಾಯಿಲೆಯನ್ನು ಒಟ್ಟಿಗೆ ಯೋಚಿಸುವುದು ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಕಾಮಿಕ್ಸ್‌ನ ಹಾಗೆ ದಿನಕ್ಕೊಂದು ಚೌಕ ಗೀಚಿ, ಆ ದಿನದ ತೂಕ, ಬಿಪಿ, ಕುಡಿದ ನೀರು ಮಾತ್ರ ಬರೆದೆ. ಡಾಕ್ಟರು ಅಮ್ಮನಿಗೆ ಹೇಳಿದ್ದು ದಿನಕ್ಕೆ ಒಂದು ಲೀಟರ್. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರೊಳಗೇ. ಬೆಳಿಗ್ಗೆ ಲೀಟರ್ ಬಾಟ್ಲಿ ತುಂಬಿಸಿಡುತ್ತೇನೆ. ಅಮ್ಮ ಅರ್ಧ ಲೋಟ ಕಾಫಿ ಕುಡಿದರೆ ಬಾಟ್ಲಿಯಿಂದ ಅರ್ಧ ಲೋಟ ನೀರು ಗಿಡಕ್ಕೆ. ಬಾಟ್ಲಿ ಖಾಲಿಯಾದರೆ ಅವತ್ತಿನದು ಮುಗಿಯಿತು. ಲೆಕ್ಕ ಕಣ್ಣಿಗೆ ಕಾಣುವುದರಿಂದ ಅಮ್ಮ ಜಗಳವಾಡುವುದಿಲ್ಲ. ಎಳನೀರು ನಿಂತಿದೆ. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಲ್ಲಿ ಬೇಯಿಸಿ ಬಸಿಯುತ್ತೇನೆ, ಸೋತ ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ಕಡಿಮೆಯಾಗಲಿ ಅಂತ.

ಪೀಟರ್‌ನ ಒಂದು ಗುಣವನ್ನು ಮಾತ್ರ ನಾನು ಒಪ್ಪಲಾರೆ: ಅವನು ಯಾರಿಗೂ ಹೇಳುವುದಿಲ್ಲ. ಮೈಯೆಲ್ಲ ಗಾಯ, ಆದರೂ ಬಾಯಿ ಬಿಡುವುದಿಲ್ಲ. ಹನ್ನೊಂದು ತಿಂಗಳು ನಾನೂ ಹಾಗೇ ಇದ್ದೆ, ಆಫೀಸಿನಲ್ಲೂ ಮನೆಯಲ್ಲೂ. ಒಂದು ರಾತ್ರಿ ಗಾಡಿ ಓಡಿಸುತ್ತಲೇ ಕಣ್ಣು ಮುಚ್ಚಿತು. ದೇವರ ದಯೆ, ಬರೀ ಮೊಣಕೈ ತರಚಿತು. ಮರುದಿನ ಅಣ್ಣನಿಗೆ ಫೋನ್ ಮಾಡಿ, ‘ಶುಕ್ರವಾರ ನೀನು ಬಾ, ನನ್ನ ಕೈಲಾಗ್ತಿಲ್ಲ’ ಅಂದೆ. ಹಾಗನ್ನಲು ಗಂಟಲು ಕಟ್ಟಿತ್ತು.

ಅಣ್ಣ ಬಂದ. ಮೊದಲ ಶುಕ್ರವಾರ ನಾನು ಆಫೀಸಿನಲ್ಲಿದ್ದಾಗ ಅವನದೇ ಫೋನ್:

‘ಅಮ್ಮ ಎರಡು ಗುಟುಕು ಮಜ್ಜಿಗೆ ಕುಡಿದ್ರು ಕಣೋ. ಬಾಟ್ಲಿಯಿಂದ ಎಷ್ಟು ಚೆಲ್ಲಲಿ?’