ರಾಗಿ ಸುರಿಸುವ ನನ್ನ ಡುಲುತ್ ಅದಿರು ಡಾಕ್

ಹೆಚ್‌ಓ ಅಳತೆಯ (ನಿಜದ 87ನೇ ಒಂದು ಭಾಗ) ಮಾದರಿ ರೈಲಿಗೆ ಅದಿರು ಡಾಕ್, ಅಂದರೆ ರೈಲಿನಿಂದ ಹಡಗಿಗೆ ಅದಿರು ತುಂಬುವ ಎತ್ತರದ ಕಟ್ಟೆ, ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಬೋಗಿಯ ತಳ ತೆರೆದು, ಅದಿರು ಡಾಕ್‌ನೊಳಗಿನ ತೊಟ್ಟಿಗೆ, ಅಂದರೆ ಪಾಕೆಟ್‌ಗೆ ಬಿದ್ದು, ಅಲ್ಲಿಂದ ಚ್ಯೂಟ್‌ನಲ್ಲಿ ಜಾರಿ ಹಡಗಿಗೆ ಇಳಿಯುವಂಥ ಡಾಕ್ ಮಾತ್ರ ಕಡಿಮೆ. 'ಇಷ್ಟು ಚಿಕ್ಕದರಲ್ಲಿ ತಾನಾಗೇ ಸುರಿಯಲ್ಲ, ಸುಮ್ನೆ ಟಿಪ್ಲರ್ ಹಾಕು' ಅಂತ ಮಿನಿಯಾಪೊಲಿಸ್‌ನ ಗೆಳೆಯರು ನಕ್ಕಿದ್ದರು. ವಿಶಾಖಪಟ್ಟಣದಲ್ಲಿ ಟಿಪ್ಲರ್‌ನಿಂದ ವ್ಯಾಗನ್ನೇ ಮಗುಚುತ್ತಾರೆ, ಸರಿ. ಆದರೆ ನಾನು ಮಾಡಹೊರಟದ್ದು ಮಿನೆಸೋಟದ ಬಂದರು ಡುಲುತ್, ಅಲ್ವಾ?

ಅಲ್ಲಿನ 6ನೇ ಡಾಕ್ 2,304 ಅಡಿ ಉದ್ದ, 384 ಪಾಕೆಟ್. ಪೂರ್ತಿ ಮಾಡಿದರೆ ನಮಗೆ ಇಪ್ಪತ್ತಾರೂವರೆ ಅಡಿ ಬೇಕು. ಬೇಸ್‌ಮೆಂಟ್‌ನ ವಾಷಿಂಗ್ ಮೆಷಿನ್ ಬೀದಿಗೆ ಹೋಗುತ್ತದೆ. ಐದೂವರೆ ಅಡಿಗೆ ನಿಲ್ಲಿಸಿದೆ, ಒಂದು ಬದಿಗೆ ನಲವತ್ತು ಪಾಕೆಟ್. ಉದ್ದ ಎಷ್ಟಾದರೂ ಕತ್ತರಿಸಿ, ಪಾಕೆಟ್ ಅಂತರ ಮುಟ್ಟಬೇಡಿ. ಪಾಕೆಟ್ 12 ಅಡಿಗೊಂದು, ಅಲ್ಲಿನ ಮಿಸಾಬಿ ರೈಲ್ವೆಯ ಬೋಗಿ 24 ಅಡಿ, ಹಡಗಿನ ಹ್ಯಾಚ್ (ಅದಿರು ಇಳಿಯುವ ಬಾಯಿ) 24 ಅಡಿಗೊಂದು. ನಮ್ಮ ಅಳತೆಯಲ್ಲಿ 42 ಮತ್ತು 84 ಮಿ.ಮೀ. ಬೋಗಿ ಜೋಡಿಸುವ ಕೊಂಡಿ (ಕಪ್ಲರ್) ಬದಲಿಸಿ ಬೋಗಿಗಳನ್ನು ಹತ್ತಿರ ತರದಿದ್ದರೆ ಹತ್ತನೇ ಬೋಗಿಯ ಬಾಗಿಲು ಪಾಕೆಟ್ ಗೋಡೆಯ ಮೇಲೆ ನಿಂತಿರುತ್ತದೆ. ಕಿಟ್ ಕೊಂಡವರು ಎಡವುವುದು ಇಲ್ಲೇ.

ನನ್ನ ದುಡ್ಡು ತಿಂದದ್ದು ಅದಿರು. ಬಣ್ಣದ ಮರಳು ಬಾಗಿಲಲ್ಲೇ ಕಮಾನು ಕಟ್ಟಿ ನಿಂತಿತು. ಕಬ್ಬಿಣದ ಪುಡಿ ನೇರ ಎಂಜಿನ್ ಮೋಟರ್‌ಗೆ ಅಂಟಿತು. ಒಂದು ಮೋಟರ್ ಹೋಯಿತು. ನಿಜವಾದ ಟ್ಯಾಕೊನೈಟ್, ಅಂದರೆ ಈಗಿನ ಕಬ್ಬಿಣದ ಅದಿರು, ಪುಡಿ ಮಾಡಿ ಕಟ್ಟಿದ ಉಂಡೆಯಾಗಿರುವುದರಿಂದಲೇ ಉರುಳುತ್ತದೆ. ಹಳೆಯ ಒದ್ದೆ ಅದಿರು ಚಳಿಗೆ ಹೆಪ್ಪುಗಟ್ಟಿದರೆ ಹಬೆ ಬಿಟ್ಟು ಕರಗಿಸಬೇಕಿತ್ತು. ಹಾಗಾದರೆ ನನಗೂ ಬೇಕಾದದ್ದು ಉಂಡೆಯೇ! ಅಡುಗೆಮನೆಯಲ್ಲಿ ರಾಗಿ ಇತ್ತು. ಬಣ್ಣವೂ ಹೊಂದಿತು. ಅಳತೆಗೆ ಕಾಳು ತುಂಬಾ ದಪ್ಪ ಅನ್ನುವವರು ಅನ್ನಲಿ, ಅವರ ಮರಳು ಇನ್ನೂ ಬಾಗಿಲಲ್ಲೇ ನಿಂತಿದೆ.

ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ತೇವ ಹೋಗುತ್ತದೆ. ಪಾಕೆಟ್ ಇಳಿಜಾರು 50 ಡಿಗ್ರಿ ಆಸುಪಾಸು ಇಟ್ಟೆ. ಪ್ಲಾಸ್ಟಿಕ್‌ಗೆ ಅಂಟದಂತೆ ಒಳಗೆ ಏನು ಬಳಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಬಾಗಿಲು ತೆರೆಯುವುದು ಹಳಿ ಪಕ್ಕದ ಆಯಸ್ಕಾಂತ. ಎಲ್ಲಿ, ಎಷ್ಟು ಎತ್ತರ ಅಂತ ನೀವೇ ಹುಡುಕಿ.

ರಾಗಿ ಹಗುರ. ಡುಲುತ್ ಮೇಲಿನ ಗುಡ್ಡದ ಪ್ರಾಕ್ಟರ್ ಯಾರ್ಡ್‌ನಿಂದ ಡಾಕ್‌ಗೆ ಇಳಿಯುವ 2.2 ಶೇಕಡಾ ಇಳಿಜಾರನ್ನೂ ಮಾಡಿ ನೋಡಿದೆ. ಬೋಗಿಗಳನ್ನು ಹಿಂದಿನಿಂದ ತಳ್ಳಿದಾಗ ಹಳಿ ತಪ್ಪಿದವು. ಕೆಳಗೆ ಸೀಸದ ತಗಡು ಅಂಟಿಸಿದ ಮೇಲೆ ಸರಿಹೋಯಿತು.

ಖರ್ಚು ಏಳುನೂರು ಡಾಲರ್ ಹತ್ತಿರ. ಅದರಲ್ಲಿ ಅರ್ಧದಷ್ಟು ಕಸಕ್ಕೆ. ರಾಗಿಗೆ ಐದಾರು ಡಾಲರ್. ಆಟ ಮುಗಿದ ಮೇಲೆ ಪಾಕೆಟ್ ಖಾಲಿ ಮಾಡಿ ಡಬ್ಬಿಗೆ ತುಂಬಿಡಿ, ಬೇಸ್‌ಮೆಂಟ್‌ನಲ್ಲಿ ಇಲಿ ಕಾಟ ಜಾಸ್ತಿ.